ಸೀಮೆಯ ಬೂಟು, ತಳಿಯ ಜಗಲಿ

ಯಾವ ವಸ್ತುವಿನ ಹೆಸರಿನ ಮುಂದೆ ‘ಸೀಮೆ’ ಎಂಬ ಎರಡಕ್ಷರ ಸೇರಿಕೊಂಡಿರುತ್ತದೋ ಅದರೆದುರು ನನ್ನ ಬುದ್ಧಿ ಕೈಕಟ್ಟಿ ನಿಂತುಬಿಡುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಹರಳೆಣ್ಣೆ ದೀಪದ ವಾಸನೆಗಿಂತ ಸೀಮೆಎಣ್ಣೆ ದೀಪದ ವಾಸನೆಯೇ ನನಗೆ ಹಿತ. ಸೀಮೆಬದನೆಕಾಯಿಗೆ ರುಚಿಯೇ ಇಲ್ಲವೆಂದು ಮನೆಯವರೆಲ್ಲ ಮೂಗು ಮುರಿದರೆ ನಾನೊಬ್ಬ ಮಾತ್ರ ಎರಡನೆಯ ಸಲ ಬಡಿಸಿಕೊಂಡು ತಿನ್ನುತ್ತೇನೆ. ಶಾಲೆಯಲ್ಲಿ ಮೇಷ್ಟರು ಸೀಮೆಸುಣ್ಣದ ತುಂಡು ಎಸೆದರೆ ಉಳಿದವರು ತಲೆ ತಪ್ಪಿಸಿಕೊಳ್ಳುತ್ತಿದ್ದರು. ನಾನು ಅದನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಇಂಥವನು ಒಂದು ದಿನ ಸೀಮೆಯಿಂದಲೇ ಬೂಟು ತರಿಸುವ ಮಟ್ಟಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ನಾನು ಆಗ ಡೆಂಕಣಿಕೋಟೆಯ ಫಾರೆಸ್ಟ್ ಆಫೀಸಿನಲ್ಲಿ ಗುಮಾಸ್ತ. ಕಾಡು ನೋಡಲು ಆಗಾಗ ಬರುತ್ತಿದ್ದ ಬಿಳಿಯ ದೊರೆಯೊಬ್ಬರ ಬೂಟು ಮೊದಲು ನನ್ನ ಕಣ್ಣು ಕುಕ್ಕಿದ್ದು. ಅವರು ವರಾಂಡದಲ್ಲಿ ನಡೆದು ಬಂದರೆ ಆ ಸದ್ದಿಗೇ ಜವಾನ ನೆಟ್ಟಗಾಗುತ್ತಿದ್ದ, ರೇಂಜರ್ ಸಾಹೇಬರು ಕೋಟಿನ ಗುಂಡಿ ಹುಡುಕುತ್ತಿದ್ದರು. ನನ್ನ ಚಪ್ಪಲಿಯ ಪಟಪಟ ಸದ್ದಿಗೆ ಎದ್ದು ಹೋಗುತ್ತಿದ್ದದ್ದು ಆಫೀಸಿನ ಬೆಕ್ಕು ಮಾತ್ರ. ಯುದ್ಧ ಮುಗಿದ ಮೇಲೆ ದೊರೆಗಳು ಬಿಟ್ಟುಹೋದ ಹಳೆಯ ಕ್ಯಾಟಲಾಗೊಂದು ನನ್ನ ಕೈಗೆ ಸಿಕ್ಕಿತು. ದೇಶಕ್ಕೆ ದೇಶವೇ ಬಿಳಿಯರಿಗೆ ‘ಹೊರಡಿ, ಹೊರಡಿ’ ಎನ್ನುತ್ತಿದ್ದ ಕಾಲ ಅದು. ‘ಹೊರಡುವ ಮುನ್ನ ಒಂದು ಜೊತೆ ಬೂಟು ಕಳಿಸಿ’ ಎಂದು ಬರೆದವನು ಬಹುಶಃ ನಾನೊಬ್ಬನೇ.

ಪಾದದ ಅಳತೆಗೆ ಕಾಗದದ ಮೇಲೆ ನಿಂತು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಸಿ ಕಳಿಸಬೇಕೆಂದು ಆ ಪುಸ್ತಕದಲ್ಲಿ ಬರೆದಿತ್ತು. ನಾನು ನಿಂತೆ, ಅಮ್ಮ ಗೆರೆ ಎಳೆದಳು. ಆದರೆ ಚುಕ್ಕಿ ಇಡದೆ ಗೆರೆ ಎಳೆಯುವುದು ಅಮ್ಮನಿಗೆ ಗೊತ್ತಿಲ್ಲ. ಮೊದಲು ನನ್ನ ಪಾದದ ಸುತ್ತ ಅಚ್ಚುಕಟ್ಟಾಗಿ ಚುಕ್ಕಿಗಳನ್ನಿಟ್ಟು, ಆಮೇಲೆ ಒಂದಕ್ಕೊಂದು ಸೇರಿಸಿದಳು. ನಾನು ಕಾಲು ತೆಗೆದ ಮೇಲೆ ನಡುವೆ ಖಾಲಿ ಜಾಗ ಕಂಡು ಅವಳಿಗೆ ತಡೆಯಲಾಗಲಿಲ್ಲ. “ಬರೀದಾಗಿ ಬುಡಬಾರ್ದು ಕಣ್ಲಾ” ಎಂದು ಹಿಮ್ಮಡಿಯ ಜಾಗದಲ್ಲಿ ಒಂದು ತಾವರೆ ಬಿಡಿಸಿದಳು. ಕಾಗದಕ್ಕೆ ಬರವಿದ್ದ ಕಾಲ. ತಾವರೆಯೊಂದಿಗೇ ನನ್ನ ಪಾದ ಹಡಗು ಹತ್ತಿತು. ಅದನ್ನು ಕಂಡು ಆ ಬೂಟಿನವರು ನನ್ನನ್ನು ಯಾವ ದೇವರೆಂದು ತಿಳಿದರೋ, ಉತ್ತರದಲ್ಲಿ ಮರ್ಯಾದೆ ಮಾತ್ರ ವಿಪರೀತವಿತ್ತು.

ತಿಂಗಳುಗಟ್ಟಲೆ ಕಾದ ಮೇಲೆ ಒಂದು ಬೆಳಿಗ್ಗೆ ಪೋಸ್ಟ್‌ಮನ್ “ಸಾರ್, ಸೀಮೈಲಿರುಂದು ಪಾರ್ಸಲ್ ವಂದಿರುಕ್ಕು!” ಎಂದು, ಸೀಮೆಯಿಂದ ಪಾರ್ಸಲ್ ಬಂದ ಸುದ್ದಿಯನ್ನು ತಮಿಳಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದ. ಕಂದು ಬಣ್ಣದ ಬೂಟು, ಮೀನಖಂಡದವರೆಗೆ ಎತ್ತರ, ಉದ್ದಕ್ಕೂ ತೂತುಗಳು, ಹಸು ಕಟ್ಟುವಷ್ಟು ಉದ್ದದ ದಾರ. ನಾನು ಚರ್ಮದ ವಾಸನೆಯನ್ನು ಮಲ್ಲಿಗೆ ಮೂಸುವಂತೆ ಮೂಸಿದೆ. ಅಮ್ಮ ದೂರದಲ್ಲೇ ನಿಂತು, “ಏನ್ಲಾ ಇದು, ಸೀಮೆಗಿಲ್ಲದ ಬೂಟು?” ಎಂದಳು. “ಸೀಮೆಯಲ್ಲಿ ಇರೋದೇ ಇದಮ್ಮಾ” ಎಂದೆ. “ಎಲ್ಲಾದ್ರೂ ಇರ್ಲಿ, ನನ್ ಹೊಸ್ತಿಲು ಮಾತ್ರ ದಾಟ್ಕೂಡ್ದು” ಎಂದು ಅಪ್ಪಣೆಯಾಯಿತು.

ಅದೇ ವಾರ ನನ್ನ ಸೋದರಮಾವ ಮುನಿಯಪ್ಪ ಹೆಣ್ಣಿನ ಸುದ್ದಿ ತಂದ. ಅದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು. ಕಾಡಿನ ಆಫೀಸು, ಅಳಿಯನನ್ನು ಯಾವತ್ತಾದರೂ ಆನೆ ತುಳಿದೀತು ಎಂದು ಒಬ್ಬರು ಹಿಂಜರಿದರು. ಕಾಡಿನ ಆಫೀಸಿನಲ್ಲಿದ್ದೂ ಇವನು ಒಂದು ಆನೆಯನ್ನಾದರೂ ನೋಡಿಲ್ಲವಂತೆ ಎಂದು ಇನ್ನೊಬ್ಬರು ಬೇಡವೆಂದರು. “ಈ ಸಲ ಕೆಟ್ರೆ ನಿನ್ ಪರವಾಗಿ ಇನ್ ಯಾರ ಮನೆ ಮೆಟ್ಲೂ ಹತ್ತಾಕಿಲ್ಲ ಕಣ್ಲಾ. ಆ ಬೂಟು ಹಾಕ್ಕೊಂಡ್ ಬಾ. ದೊರೆ ಇದ್ದಂಗೆ ಕಾಣ್ತೀಯ” ಎಂದ ಮಾವ. ನನಗೂ ಮದುವೆಯಾಗುವ ಆಸೆ ಬೆಟ್ಟದಷ್ಟಿತ್ತು. ಬೂಟು ತೋರಿಸುವ ಆಸೆ ಅದಕ್ಕಿಂತ ಒಂದು ಗೇಣು ಹೆಚ್ಚಿತ್ತು.

ಹೆಣ್ಣಿನ ಊರು ತಳಿಯ ಹತ್ತಿರ. ಭಾನುವಾರ ಮಧ್ಯಾಹ್ನ ಹೊರಟೆವು. ಸಂಜೆ ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮೊದಲು ಮನೆಯೊಳಗೆ ಕಾಲಿಡಬೇಕೆಂದು ಹೆಣ್ಣಿನ ತಾತ ಮೊದಲೇ ಹೇಳಿ ಕಳಿಸಿದ್ದರು. ಪೆಟ್ರೋಲಿಗೆ ಬರವಿದ್ದುದರಿಂದ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿಗೆ ತಳಿಯ ಏರು ಎಂದರೆ ಆಗದು. ಏರು ಬಂದಲ್ಲೆಲ್ಲ ಅದು ಕೆಮ್ಮಿ ನಿಲ್ಲುತ್ತಿತ್ತು, ನಾವು ಇಳಿದು ತಳ್ಳುತ್ತಿದ್ದೆವು. “ಬೂಟಿನವರು ಹಿಂದ್ಗಡೆ ಬನ್ನಿ, ನಿಮ್ ಕಾಲು ಜಾರಾಕಿಲ್ಲ” ಎಂದ ಕಂಡಕ್ಟರ್. ಆ ಮರ್ಯಾದೆಗೆ ಉಬ್ಬಿ ಇಬ್ಬರ ಕೆಲಸ ನಾನೊಬ್ಬನೇ ಮಾಡಿದೆ. ನಾನು ಉಬ್ಬಿದ್ದಷ್ಟೇ ಅಲ್ಲ, ಬೂಟಿನೊಳಗೆ ಕಾಲೂ ಉಬ್ಬಿತೆಂದು ತಿಳಿದದ್ದು ಆಮೇಲೆ.

ಊರು ತಲುಪಿದಾಗ ಇನ್ನೂ ಹೊತ್ತಿತ್ತು. ತಾತ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಹೆಣ್ಣಿನ ತಂದೆ “ಬನ್ನಿ, ಬನ್ನಿ” ಎಂದು ಎದ್ದು ಬಂದರು. ಅವರ ಕಣ್ಣು ಬೂಟಿನ ಮೇಲೆ ಬಿತ್ತು. ನನ್ನ ಜನ್ಮ ಸಾರ್ಥಕವಾಯಿತು. ಮಾವ ಚಪ್ಪಲಿ ಕಳಚಿ ಆಗಲೇ ಹೊಸ್ತಿಲ ಹತ್ತಿರವಿದ್ದ. ನಾನು ಜಗಲಿಯ ಮೇಲೆ ಕುಳಿತು ದಾರಕ್ಕೆ ಕೈ ಹಾಕಿದೆ. ಆಗ ನೆನಪಾಯಿತು, ನಾನು ಹಾಕಿದ್ದು ಆಫೀಸಿನಲ್ಲಿ ಫೈಲು ಕಟ್ಟುವ ಗಂಟು. ನನಗೆ ಬರುವುದು ಅದೊಂದೇ. ಒಂದು ಸಲ ಬಿದ್ದರೆ ಯಾರಿಂದಲೂ ಬಿಚ್ಚಲಾಗಬಾರದೆಂದೇ ಹಿರಿಯ ಗುಮಾಸ್ತರು ಅದನ್ನು ಕಲಿಸಿದ್ದರು.

ಉಗುರು ಹಾಕಿದೆ, ಆಗಲಿಲ್ಲ. ಹಲ್ಲು ಹಾಕಲು ಹೋದೆ, ಬಾಯಿ ಅಷ್ಟು ದೂರ ಬಗ್ಗಲಿಲ್ಲ. ಮಾವ ಹಿಂದಿರುಗಿ ಬಂದು ಒಂದು ಕಾಲು ಹಿಡಿದ, ಹೆಣ್ಣಿನ ತಂದೆ ಇನ್ನೊಂದನ್ನು ಹಿಡಿದರು, ಅಕ್ಕಪಕ್ಕದ ಇಬ್ಬರು ನನ್ನ ಕಂಕುಳಿಗೆ ಕೈ ಕೊಟ್ಟರು. ಒಳಗಿನಿಂದ “ಯಾರಾದ್ರೂ ಕಾಲಿಗೆ ನೀರು ಕೊಡ್ರಮ್ಮಾ” ಎಂದು ಕೂಗು ಕೇಳಿತು. ಕೈ ಬಿಡುವಾಗಿದ್ದವಳು ಇಡೀ ಮನೆಗೆ ಒಬ್ಬಳೇ. ಅವಳು ಚೊಂಬು ಹಿಡಿದು ಹೊಸ್ತಿಲು ದಾಟಿ ಹೊರಗೆ ಬಂದಳು. ಹೊಸ ಸೀರೆ, ಮುಡಿಯ ತುಂಬ ಕನಕಾಂಬರ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ಶುಭ ಮುಹೂರ್ತದಲ್ಲಿ ನಾನು ಎರಡು ಕಾಲೂ ಮೇಲೆತ್ತಿ ಅಂಗಾತ ಮಲಗಿದ್ದೆ. ಅವಳು ತುಟಿ ಕಚ್ಚಿ ನಿಂತಳು. ಚೊಂಬು ಮಾತ್ರ ಕುಲುಕಿ ನೀರೆಲ್ಲ ಚೆಲ್ಲುತ್ತಿತ್ತು.

ಕೊನೆಗೆ ಹೆಣ್ಣಿನ ತಂದೆ ಸೂರಿನಿಂದ ಕುಡುಗೋಲು ಕಿತ್ತು ತಂದರು. “ಅಯ್ಯೋ ಬೇಡಿ! ಅದು ಸೀಮೆಯ ದಾರ!” ಎಂದು ಚೀರಿದೆ. ತಾತ ಕುಳಿತಲ್ಲಿಂದಲೇ, “ಹುಡುಗಂಗೆ ದಾರ ಬೇಕೋ ಹೆಣ್ ಬೇಕೋ ಕೇಳ್ರಪ್ಪಾ” ಎಂದರು. ನಾನು ತಕ್ಷಣ ಉತ್ತರ ಕೊಡಬೇಕಾಗಿತ್ತು. ಒಂದು ಕ್ಷಣ ಯೋಚಿಸಿಬಿಟ್ಟೆ. ಆ ಒಂದು ಕ್ಷಣವನ್ನು ರತ್ನಮ್ಮ, ಅಂದರೆ ಚೊಂಬು ಹಿಡಿದವಳು, ಚೆನ್ನಾಗಿ ನೋಡಿಕೊಂಡಳು.

ದಾರ ಕೊಯ್ದರೂ ಬೂಟು ಬರಲಿಲ್ಲ, ಕಾಲು ಅಷ್ಟು ಊದಿತ್ತು. ಕಂಬದ ನೆರಳು ಕೆಳಗಿನ ಮೆಟ್ಟಿಲು ಮುಟ್ಟಿತು. ತಾತ ಎದ್ದು ನಿಂತರು. “ರಾಹುಕಾಲ ಬಂದ್ಬುಡ್ತು. ಇನ್ನು ಒಳೀಕೆ ಬರಂಗಿಲ್ಲ. ಈ ಸಂಬಂಧ ದೇವ್ರಿಗೇ ಇಷ್ಟ ಇಲ್ಲ ಅನ್ಸತ್ತೆ.” ಮಾವ ನನ್ನ ಕಾಲು ಕೈಬಿಟ್ಟ. ಅಷ್ಟು ಹೊತ್ತಿಗೆ ಅವಳು ತುಟಿ ಕಚ್ಚಿ ತಡೆದಿದ್ದ ಆ ನಗುವನ್ನು ನಾನು ಕಂಡಾಗಿತ್ತು. ಬೂಟು ಹಾಳಾಗಲಿ, ಇವಳು ತಪ್ಪಿಹೋದರೆ ಮಾಡುವುದೇನು ಎಂದು ಮೊದಲ ಸಲ ನಿಜವಾಗಿ ಅಳು ಬಂತು.

“ತಾತಾ” ಎಂದಳು ರತ್ನಮ್ಮ. “ಅವ್ರು ಹೊಸ್ತಿಲು ದಾಟ್ದಿದ್ರೆ ಏನಂತೆ? ನಾನು ದಾಟ್ಕೊಂಡ್ ಬಂದು ಆಗ್ಲೇ ಎಷ್ಟೊತ್ತಾಯ್ತು! ಅವ್ರು ನನ್ನ ನೋಡಿದ್ದೂ ಆಯ್ತು, ನಾನು ಅವ್ರನ್ನ ಪೂರ್ತಿ ನೋಡಿದ್ದೂ ಆಯ್ತು. ಎಲ್ಲಾ ರಾಹುಕಾಲಕ್ಕೆ ಮುಂಚೇನೆ.”

ತಾತ ನೆರಳು ನೋಡಿದರು, ಮೊಮ್ಮಗಳನ್ನು ನೋಡಿದರು, ಇನ್ನೂ ಆಕಾಶ ನೋಡುತ್ತಿದ್ದ ನನ್ನ ಬೂಟು ನೋಡಿದರು. “ಅದೂ ನಿಜವೇಯಾ” ಎಂದು ಕುಳಿತುಕೊಂಡರು. ಉಪ್ಪಿಟ್ಟು ಜಗಲಿಗೇ ಬಂತು. ರಾಹುಕಾಲ ಕಳೆಯುವಷ್ಟರಲ್ಲಿ ಊತ ಇಳಿದು, ಯಾರೂ ಎಳೆಯದಿದ್ದರೂ ಬೂಟು ತಾನಾಗಿ ಕಳಚಿಕೊಂಡಿತು.

ಮದುವೆಯಾದ ಹೊಸದರಲ್ಲಿ ಒಂದು ದಿನ ಕೇಳಿದೆ: “ಅವತ್ತು ನನ್ನನ್ನು ಯಾಕೆ ಒಪ್ಪಿದೆ? ಬೂಟು ನೋಡಿಯಾ?” ಅವಳು ಹುರುಳಿ ಆರಿಸುತ್ತಾ ತಲೆಯೆತ್ತದೆ ಹೇಳಿದಳು, “ಹೂಂ. ಒಂದ್ಸಲ ಕಾಲಿಟ್ಟ ಮೇಲೆ ಹಿಂದಕ್ ತೆಗೆಯಾಕೆ ಬರದ ಗಂಡಸು ಅಂತ ಗೊತ್ತಾಯ್ತಲ್ಲ.”

ಈಗ ಆ ಬೂಟು ಹಳೆಯದಾಗಿ ಸಡಿಲಗೊಂಡಿದೆ. ಹಿಮ್ಮಡಿ ಒಂದಿಷ್ಟು ಅಲುಗಾಡಿಸಿದರೆ ಸಾಕು, ಕಳಚಿ ಬೀಳುತ್ತದೆ. ಆದರೆ ನನ್ನ ಸಂಸಾರದ ಬುನಾದಿಯೇ ಬೂಟು ಬಿಚ್ಚಲಾಗದಿರುವುದರ ಮೇಲೆ ನಿಂತಿರುವಾಗ ಈ ವಿಷಯ ಹೆಂಡತಿಗೆ ತಿಳಿಸುವುದು ಹೇಗೆ? ಹಾಗಾಗಿ ದಿನವೂ ಆಫೀಸಿನಿಂದ ಬಂದವನು ಜಗಲಿಯ ಮೇಲೆ ಕುಳಿತು, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ಒದ್ದಾಡುತ್ತೇನೆ. ಅವಳು ನೀರು ಹಿಡಿದು ಬಂದು ನಿಂತು ನೋಡುತ್ತಾಳೆ, ಆ ಮುಖ ನೋಡಲು ನನಗೂ ಒಂದಿಷ್ಟು ಹೊತ್ತು ಸಿಗುತ್ತದೆ. ಈ ನನ್ನ ಜಾಣತನವನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದೆ. ನಿನ್ನೆ ಸಂಜೆ ಎಂದಿಗಿಂತ ಚೆನ್ನಾಗಿಯೇ ನರಳಿದೆ. ಅವಳು ಚೊಂಬನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಾ ಹೇಳಿದಳು:

“ನಾಟಕ ಮುಗಿದ್ಮೇಲೆ ಕಾಲ್ ತೊಳ್ಕೊಂಡ್ ಬನ್ನಿ. ಮುದ್ದೆ ಆರೋಯ್ತದೆ.”