ಎರಡು ಊರಿಗೊಂದೇ ಹೊತ್ತು

ಎರಡೂ ಊರಿನ ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತಿದ್ದವು. ತೊಂದರೆಯೆಲ್ಲ ಶುರುವಾದದ್ದೇ ಅಲ್ಲಿಂದ. ಒಂದೂರಲ್ಲಿ ಹಗಲು, ಇನ್ನೊಂದರಲ್ಲಿ ರಾತ್ರಿಯಾಗಿದ್ದರೆ ಯಾರೂ ಅವನನ್ನು ಬೈಯುತ್ತಿರಲಿಲ್ಲ. ಒಂದೇ ಹೊತ್ತಿಗೆ ಬೆಳಗಾಗುವ ಎರಡು ಆಫೀಸುಗಳನ್ನು ಆರು ತಿಂಗಳಿಂದ ಒಂದು ಮೀಟಿಂಗಿಗೆ ಕೂರಿಸಲಾರದ ಮನುಷ್ಯ ಯಾರಿಗೆ ಏನು ನೆಪ ಹೇಳಿಯಾನು? ಮೀಟಿಂಗಿಗೆ ಹೊತ್ತು ಗೊತ್ತುಮಾಡುವುದೊಂದೇ ಅವನ ಕೆಲಸ. ಹೀಗಾಗಿ ಆಫೀಸಿನವರು ಅವನ ಹೆಸರನ್ನು ಮರೆತು ‘ಮುಹೂರ್ತ’ ಎಂದೇ ಕರೆಯುತ್ತಿದ್ದರು.

ಈ ಊರಿನ ಆಫೀಸು ಬೆಳಕು ಹರಿಯುತ್ತಲೇ ಬಾಗಿಲು ತೆರೆದು, ಹನ್ನೆರಡಕ್ಕೆಲ್ಲ ಉಂಡು ತೂಕಡಿಸುತ್ತಿತ್ತು. ಆ ಊರಿನವರು ಬಿಸಿಲೇರಿದ ಮೇಲೆ ನಿಧಾನವಾಗಿ ಬರುತ್ತಿದ್ದರು. ಅವರು ಉಂಡು ಕೈತೊಳೆದು ಬರುವಷ್ಟರಲ್ಲಿ ಇವರು ಚೀಲ ಹೆಗಲಿಗೇರಿಸಿಕೊಂಡು ಮನೆ ದಾರಿ ಹಿಡಿದಿರುತ್ತಿದ್ದರು. ನಡುವೆ ಮಿಕ್ಕಿದ್ದು ಹನ್ನೊಂದರಿಂದ ಹನ್ನೆರಡರವರೆಗಿನ ಒಂದೇ ಒಂದು ಗಂಟೆ. ಸರಿಯಾಗಿ ಆ ಹೊತ್ತಿಗೇ ಈ ಊರಿನ ಮ್ಯಾನೇಜರಿಗೆ ಹಲ್ಲುನೋವೋ ಬ್ಯಾಂಕಿನ ಕೆಲಸವೋ ಬಂದು ವಕ್ಕರಿಸುತ್ತಿತ್ತು.

ಅಂದು ಬೆಳಿಗ್ಗೆ ಹೆಂಡತಿ ಊಟದ ಡಬ್ಬಿ ಕೈಗಿಡುತ್ತ ಕೇಳಿದಳು, “ರೀ, ಇವತ್ತಾದ್ರೂ ಕೂರ್ತಾರಾ ಅವ್ರು?”

“ಕೂರಲೇಬೇಕು ಕಣೇ. ‘ಮೀಟಿಂಗ್ ಒಂದು ಆದ್ರೆ ನಿಮ್ಮ ವಿಷಯ ತೀರ್ಮಾನ ಆಗೋಗುತ್ತೆ’ ಅಂತ ಮ್ಯಾನೇಜರೇ ಅಂದಿದ್ದಾರೆ.”

“ಹಾಗಿದ್ರೆ ಸರಿ. ಕೆಲ್ಸ ಕಾಯಂ ಆಯ್ತು ಅಂತ ಪಕ್ಕದ ಮನೆ ಅತ್ತೆಗೆ ಆಗ್ಲೇ ಹೇಳ್ಬಿಟ್ಟಿದ್ದೀನಿ.”

ಮೂರು ವರ್ಷದಿಂದ ಅವನದು ಹಂಗಾಮಿ ಕೆಲಸ. ಮೆಟ್ಟಿಲಿಳಿಯುವಾಗ ಪಕ್ಕದ ಮನೆಯ ಅತ್ತೆ ಕಿಟಕಿಯಿಂದ ಕತ್ತು ಚಾಚಿ, “ಇನ್ಮೇಲೆ ನಿಮ್ಮನ್ನ ಹಿಡಿಯೋರೇ ಇಲ್ಲ ಬಿಡಪ್ಪಾ” ಎಂದರು. ಅವನು ನಕ್ಕ. ನಗು ಮುಖದ ಮೇಲೆ ಸರಿಯಾಗಿ ಕೂರಲಿಲ್ಲ.

ಮ್ಯಾನೇಜರು ಸದಾ ತಡ ಎಂದು ಅವನು ಹಿಂದಿನ ದಿನವೇ ಅವರಿಗೆ ಹನ್ನೊಂದರ ಬದಲು ಹತ್ತೂವರೆ ಎಂದಿದ್ದ. ಅವನ ಪಾಡು ನೋಡಲಾರದೆ ಲೆಕ್ಕಪತ್ರದ ಹಿರಿಯರು ತಾವೂ ಹೋಗಿ ಹತ್ತು ಎಂದಿದ್ದರು. ಇಬ್ಬರ ಪಾಡೂ ನೋಡಲಾರದೆ ಟೈಪಿಸ್ಟ್ ಅಕ್ಕ ಒಂಬತ್ತೂವರೆ ಎಂದಿದ್ದಳು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ಮ್ಯಾನೇಜರು ಅಂದು ಒಂಬತ್ತೂವರೆಗೆ ಬಂದು ಮೀಟಿಂಗ್ ಕೋಣೆಯಲ್ಲಿ ಕೂತೇಬಿಟ್ಟರು. ಎದುರಿನ ವಿಡಿಯೋ ಪರದೆಯಲ್ಲಿ ಆ ಊರಿನ ಖಾಲಿ ಕುರ್ಚಿಗಳು ಇವರನ್ನೇ ನೋಡುತ್ತಿದ್ದವು.

ಮುಹೂರ್ತ ಓಡಿಹೋಗಿ ಆ ಊರಿಗೆ ಫೋನು ಮಾಡಿದ. ಯಾರೋ ಹೆಂಗಸು ಎತ್ತಿದಳು.

“ಹನ್ನೊಂದಕ್ಕೆ ಮುಂಚೆ ಇಲ್ಯಾರೂ ಬರಲ್ಲ ಕಣಪ್ಪಾ. ನಾನು ನೆಲ ಒರೆಸೋಳು. ಏನಾದ್ರೂ ತೀರ್ಮಾನ ಮಾಡೋದಿದ್ರೆ ಹೇಳು, ಮಾಡ್ಬಿಡ್ತೀನಿ.”

ಅವನು ಹಿಂದಿರುಗುವಷ್ಟರಲ್ಲಿ ಮ್ಯಾನೇಜರು ಎದ್ದು ನಿಂತಿದ್ದರು. “ನಾನು ಬಂದೆ, ಅವ್ರು ಬರ್ಲಿಲ್ಲ. ನನ್ನ ತಪ್ಪಿಲ್ಲ. ಹೊರಟೆ.”

“ಒಂದ್ನಿಮಿಷ ಸಾರ್, ಕಾಫಿ ತರ್ತೀನಿ!”

ಆ ಬಾಗಿಲಿನ ಒಳಗಿನ ಹಿಡಿ ಕಳಚಿ ಬಿದ್ದು ಎಷ್ಟೋ ದಿನವಾಗಿತ್ತು. ಮುಚ್ಚಿಕೊಂಡರೆ ಹೊರಗಿನಿಂದ ಮಾತ್ರ ತೆಗೆಯಬಹುದು. ಅದಕ್ಕೆಂದೇ ಒಂದು ಇಟ್ಟಿಗೆ ಅಡ್ಡ ಇಟ್ಟಿದ್ದರು. ಮುಹೂರ್ತ ಹೊರಗೆ ಬಂದು ಇಟ್ಟಿಗೆಯನ್ನು ನೋಡಿದ. ಹುಟ್ಟಿದಂದಿನಿಂದ ಯಾರ ಮನಸ್ಸನ್ನೂ ನೋಯಿಸದವನು ಕಾಲಿನಿಂದ ಅದನ್ನು ಪಕ್ಕಕ್ಕೆ ತಳ್ಳಿದ. ಬಾಗಿಲು ಮುಚ್ಚಿಕೊಂಡಿತು.

ಒಳಗೆ ದಬದಬ ಶುರುವಾಯಿತು. ಲೆಕ್ಕಪತ್ರದ ಹಿರಿಯರು ಓಡಿಬಂದರು. “ಏನಪ್ಪಾ ಇದು? ಹೊರಗಿನಿಂದ ತಿರುಗಿಸಿದ್ರೆ ತೆಗೆಯುತ್ತಲ್ಲ!”

“ಇವತ್ತು ತೆಗೆಯಲ್ಲ ಸಾರ್.”

ಅವನ ದನಿ ಕೇಳಿ ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಂದೊಂದು ಗುದ್ದೂ ಬೆನ್ನಿಗೇ ಬೀಳುತ್ತಿತ್ತು. ಪಾಪ, ಹಸಿದಿರಬಹುದೆಂದು ಟೈಪಿಸ್ಟ್ ಅಕ್ಕ ಬಾಗಿಲ ಸಂದಿಯಲ್ಲಿ ಒಂದೊಂದೇ ಬಿಸ್ಕತ್ತು ತೂರಿಸುತ್ತಿದ್ದಳು.

ಹನ್ನೊಂದಕ್ಕೆ ಗುದ್ದು ನಿಂತಿತು. ಒಳಗೆ ಆ ಊರಿನವರ ದನಿ ಕೇಳಿಸಿತು. ಆರು ತಿಂಗಳಲ್ಲಿ ಮೊದಲ ಸಲ ಎರಡೂ ಆಫೀಸು ಕೂತಿದ್ದವು! ಮುಹೂರ್ತನ ಕಣ್ಣಲ್ಲಿ ನೀರು ಬಂತು. ಹೆಂಡತಿಗೆ ಫೋನು ಮಾಡಿ, “ಕೂತ್ರು ಕಣೇ” ಎಂದ. ಅತ್ತ ಕಡೆಯಿಂದ ಪಕ್ಕದ ಮನೆಯ ಅತ್ತೆಯ ಸಂಭ್ರಮವೇ ಮೊದಲು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮೆಲ್ಲಗೆ ಬಾಗಿಲು ತಟ್ಟಿದ ಸದ್ದಾಯಿತು. ಅವನು ತೆಗೆದ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದ. ಆದರೆ ತುಟಿಯಲ್ಲಿ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿದ್ದ ಮ್ಯಾನೇಜರ ಮುಖ ಸಾವಿನ ಮನೆಯಿಂದ ಬಂದವರ ಹಾಗಿತ್ತು.

“ಸಾರ್, ನನ್ನ ವಿಷಯ...”

“ಇದ್ದದ್ದೇ ನಿಮ್ಮ ವಿಷಯ ಕಣ್ರೀ. ಎರಡೂ ಊರಲ್ಲಿ ಒಂದೇ ಟೈಮು, ಅದನ್ನ ನೋಡೋಕೊಬ್ಬ ಮನುಷ್ಯ ಯಾಕೆ, ತೆಗೆದುಹಾಕಿ ಅಂತ ಅವ್ರದು ಆರು ತಿಂಗಳಿಂದ ಒಂದೇ ಹಟ. ಎರಡೂ ಆಫೀಸು ಕೂತು ಒಪ್ಪದೆ ತೆಗೆಯೋ ಹಾಗಿರ್ಲಿಲ್ಲ. ಅದಕ್ಕೇ ನಾನು ಹಲ್ಲುನೋವು, ಬ್ಯಾಂಕು ಅಂತ ತಪ್ಪಿಸ್ಕೊಳ್ತಾ ಬಂದೆ. ಇವತ್ತು ಒಬ್ಬೊಬ್ರು ಒಂದೊಂದು ಹೊತ್ತು ಹೇಳಿದ್ರಿ. ಎಲ್ಲಕ್ಕಿಂತ ಬೇಗದ್ದನ್ನ ಹಿಡ್ಕೊಂಡು, ‘ಅವ್ರೇ ಬರ್ಲಿಲ್ಲ’ ಅಂತ ಎದ್ದು ಹೋಗೋಣ ಅಂತಿದ್ದೆ. ನೀವು ಕೂಡಿಹಾಕಿದ್ರಿ, ಒಪ್ಪಲೇಬೇಕಾಯ್ತು. ಬೇಲೀಲಿ ಹೋಗೋ ಓತಿಕೇತನ್ನ ಕಿವಿಗೆ ಬಿಟ್ಕೊಂಡ್ರಲ್ರೀ!”

ಮುಹೂರ್ತ ಇಟ್ಟಿಗೆಯ ಮೇಲೆ ಕುಸಿದು ಕೂತ. ಹೆಂಡತಿಗೆ ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಆ ಅತ್ತೆಗೆ ಏನು ಹೇಳುವುದು?

ಮ್ಯಾನೇಜರು ಬಗ್ಗಿ ಅವನ ಕಿವಿಯಲ್ಲಿ ಹೇಳಿದರು, “ಆದ್ರೂ ಒಂದು ದಾರಿ ಉಳಿಸಿದ್ದೀನಿ. ಎರಡೂ ಆಫೀಸಿನವ್ರು ಕೂತು ಬೀಳ್ಕೊಡೋವರೆಗೂ ನೀವು ಕೆಲ್ಸದಲ್ಲಿರ್ತೀರ. ಆ ಮೀಟಿಂಗಿಗೆ ಹೊತ್ತು ಗೊತ್ತುಮಾಡೋರೂ ನೀವೇ. ಅರ್ಥ ಆಯ್ತಾ?”

ಅರ್ಥವಾಯಿತು. ಹತ್ತು ವರ್ಷ ಬೇಕಾದರೂ ಎಳೆಯಬಹುದು! ಅವನು ಎದ್ದು ನಿಂತ. ಅಷ್ಟರಲ್ಲಿ ಲೆಕ್ಕಪತ್ರದ ಹಿರಿಯರೂ ಟೈಪಿಸ್ಟ್ ಅಕ್ಕನೂ ಫೋನಿಟ್ಟು ಕಣ್ಣೊರೆಸಿಕೊಳ್ಳುತ್ತ ಬಂದರು.

“ಪಾಪ, ಈ ದುಃಖದಲ್ಲಿ ನಿಂಗ್ಯಾಕಪ್ಪಾ ತೊಂದರೆ ಅಂತ ನಾವೇ ಆ ಊರಿಗೆ ಮಾತಾಡಿಬಿಟ್ವಿ,” ಎಂದರು ಹಿರಿಯರು. “ಮಧ್ಯಾಹ್ನ ಎರಡಕ್ಕೆ ನಿನ್ನ ಬೀಳ್ಕೊಡುಗೆ. ಊಟ ಬಿಟ್ಟಾದ್ರೂ ಬರ್ತೀವಿ ಅಂತ ಎಲ್ರೂ ಒಂದೇ ಮಾತಿಗೆ ಒಪ್ಪಿದ್ರು.”