ಆಕಾಶಕ್ಕೆ ಜಾಗ ಸಾಲದು

ಪರದೆಯ ಮೂಲೆಯಲ್ಲಿ ಹಳದಿ ತ್ರಿಕೋನವೊಂದು ಮೂಡಿತು. ಅದನ್ನು ನೋಡದೆ ಹೋಗಿದ್ದರೆ ಉಗ್ರಾಣಿಯ ವಾರದ ರಜೆ ಸುಖವಾಗಿ ಕಳೆದುಹೋಗುತ್ತಿತ್ತು.

ಟೈಲ್ಸ್ ಕಂಪನಿಯೊಂದರ ಗೋದಾಮು ನೋಡಿಕೊಳ್ಳುವ ಕೆಲಸ ಅವನದು. ಅದಕ್ಕೇ ಹೆಂಡತಿಯ ಕಡೆಯವರು ಅವನನ್ನು ಉಗ್ರಾಣಿ ಎಂದು ಕರೆಯುತ್ತಿದ್ದರು. ಕರೆದೂ ಕರೆದೂ ಅದೇ ಹೆಸರಾಗಿ ನಿಂತಿತ್ತು. ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಆಕೆ ತಾರಸಿಯ ಮೇಲೆ ಟೆಲಿಸ್ಕೋಪು ನಿಲ್ಲಿಸಿಕೊಂಡು, ಆಕಾಶದ ಒಂದು ಅಂಗೈಯಗಲದ ತುಂಡನ್ನೇ ತಿಂಗಳುಗಟ್ಟಲೆ ಫೋಟೋ ಹಿಡಿದಿದ್ದಳು. ಆ ಫೋಟೋಗಳನ್ನೆಲ್ಲ ಕಂಪ್ಯೂಟರು ಒಂದರ ಮೇಲೊಂದು ಕೂಡಿಸಿದರೆ ಬರಿಗಣ್ಣಿಗೆ ಕಾಣದ ನಕ್ಷತ್ರಗಳ ಸುಳಿ ಎದ್ದುಬರುತ್ತದಂತೆ. ಮರುದಿನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ರಾತ್ರಿಯೊಳಗೆ ಚಿತ್ರ ಬ್ಯಾನರ್ ಅಂಗಡಿಗೆ ಹೋಗಬೇಕು, ಬೆಳಗಾಗುವಷ್ಟರಲ್ಲಿ ಗೋಡೆಯಷ್ಟು ದೊಡ್ಡದಾಗಿ ಅಚ್ಚಾಗಿ ಬರಬೇಕು.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಆಕೆ ಹೇಳಿಹೋದದ್ದು ಇಷ್ಟೇ: "ಕಂಪ್ಯೂಟರ್ ಕೆಲಸ ಮಾಡ್ತಾ ಇದೆ. ನಾನು ಬರೋವರೆಗೆ ನಿಲ್ಲಬಾರದು. ನೀವು ಮಾತ್ರ ಕೈ ಹಾಕ್ಬೇಡಿ."

ಈಗ ಅದು ನಿಂತಿತ್ತು. ವರ್ಚುವಲ್ ಮೆಮೊರಿ ಸಾಲದು, ಡಿಸ್ಕಿನಲ್ಲಿ ಜಾಗವಿಲ್ಲ ಎಂದು ತ್ರಿಕೋನ ಹೇಳುತ್ತಿತ್ತು. ಪರದೆಯ ಮೇಲೆ ಚಿತ್ರದ ಮೇಲಿನ ಒಂದು ಪಟ್ಟಿ ಮಾತ್ರ ಮೂಡಿತ್ತು. ಕೆಳಗೆಲ್ಲ ಬಿಳಿ, ಮುಸುಕೆಳೆದು ಅರ್ಧಕ್ಕೆ ಬಿಟ್ಟಂತೆ. ಉಗ್ರಾಣಿ ಹೆಂಡತಿಗೆ ಫೋನು ಮಾಡಿದ. ಆಕೆ ಪರೀಕ್ಷೆಯ ಕೋಣೆ ಕಾಯುತ್ತಿದ್ದಳು. ಫೋನು ಸ್ಟಾಫ್ ರೂಮಿನ ಬೀರುವಿನೊಳಗೆ ಒಂಟಿಯಾಗಿ ಬಡಿದುಕೊಂಡು ಸುಮ್ಮನಾಯಿತು.

ಪೇಪರು ಕೇಳಲು ಮೇಲಿನ ಮಹಡಿಯ ಓವರ್ಸಿಯರು ಇಳಿದುಬಂದದ್ದು ಆಗಲೇ. ನೀರು ಸರಬರಾಜಿನಲ್ಲಿ ಜೀವ ತೇದು ನಿವೃತ್ತರಾದವರು. ಪ್ರಪಂಚದ ಯಾವ ತೊಂದರೆಯನ್ನು ತೋರಿಸಿದರೂ ಪೈಪು ಎಲ್ಲಿ ಕಟ್ಟಿದೆ ಎಂದು ನೋಡುವ ಕಣ್ಣು ಅವರದು. ಕನ್ನಡಕ ಏರಿಸಿ, ತ್ರಿಕೋನದ ಮಾತನ್ನು ಓದಿ, ಕುರ್ಚಿ ಎಳೆದು ಕೂತರು.

"ಇದರಲ್ಲೇನಿದೆಯಯ್ಯ. ತಾರಸಿ ಮೇಲಿನ ಟ್ಯಾಂಕು ಚಿಕ್ಕದು, ನೆಲದೊಳಗಿನ ಸಂಪು ದೊಡ್ಡದು. ಈ ಯಂತ್ರದ ಮೆಮೊರಿ ಅಂದ್ರೆ ಟ್ಯಾಂಕು. ಅದು ತುಂಬಿದಾಗ, ಸದ್ಯಕ್ಕೆ ಬೇಡದ್ದನ್ನ ಕೆಳಗೆ ಡಿಸ್ಕಿಗೆ ಇಳಿಸುತ್ತೆ, ಬೇಕಾದಾಗ ಮೇಲಕ್ಕೆ ಎತ್ಕೊಳ್ಳುತ್ತೆ. ಕೆಲಸ ಮಾಡೋ ಪ್ರೋಗ್ರಾಮಿಗೆ ಇದು ಗೊತ್ತೇ ಆಗಲ್ಲ. ಟ್ಯಾಂಕೇ ಅಷ್ಟು ದೊಡ್ಡದು ಅಂದ್ಕೊಂಡಿರುತ್ತೆ. ಈಗ ಸಂಪೂ ತುಂಬಿದೆ, ಅಷ್ಟೇ."

ಉಗ್ರಾಣಿ ಬಾಯಿ ತೆರೆದುಕೊಂಡು ಕೇಳಿದ. ಇಷ್ಟು ವರ್ಷ ಈ ಪೆಟ್ಟಿಗೆಯನ್ನು ಅವನು ಟಿವಿಯ ತಮ್ಮ ಎಂದೇ ತಿಳಿದಿದ್ದ. ತನ್ನ ಗೋದಾಮು ತುಂಬಿದಾಗ ಅವನೂ ಸರಕನ್ನು ಹಿತ್ತಲ ಶೆಡ್ಡಿಗೆ ಸಾಗಿಸಿ, ಗಿರಾಕಿ ಬಂದಾಗ ಬೆವರು ಒರೆಸಿಕೊಂಡು ಒಳಗಿನಿಂದಲೇ ತಂದಂತೆ ತಂದುಕೊಡುತ್ತಿದ್ದ. ಹಾಗಾದರೆ ಇದರೊಳಗೂ ತನ್ನಂಥ ಒಬ್ಬ ಕೂತಿದ್ದಾನೆ. ಎವೆಯಿಕ್ಕುವಷ್ಟರಲ್ಲಿ ಸಾವಿರ ಸಲ ಇಳಿಸಿ ಸಾವಿರ ಸಲ ಏರಿಸುತ್ತಾನೆ. ಸೊಂಟ ಹಿಡಿದುಕೊಳ್ಳುವುದಿಲ್ಲ, ರಜೆ ಕೇಳುವುದಿಲ್ಲ. ಅವನಿಗೆ ಯಂತ್ರದ ಮೇಲೆ ಭಕ್ತಿಯೇ ಹುಟ್ಟಿತು. ಮುಟ್ಟಬೇಡಿ ಎಂದಿದ್ದಳು ನಿಜ. ಆದರೆ ಜಾಗ ಖಾಲಿ ಮಾಡುವುದು ಮುಟ್ಟಿದಂತೆಯೇ? ಗೋದಾಮು ತೆರವು ಮಾಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ಮೊದಲು ತನ್ನ ಸಿನಿಮಾಗಳನ್ನು ಅಳಿಸಿದ. ಜಾಗ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಇನ್ನಷ್ಟು ಅಳಿಸಿದ; ಇದ್ದಷ್ಟೇ ಇತ್ತು. ಎಲ್ಲೋ ಸೋರಿಕೆ ಇದೆ ಎಂದು ಓವರ್ಸಿಯರು ಪೆಟ್ಟಿಗೆಯ ಹಿಂಭಾಗಕ್ಕೆ ಟಾರ್ಚು ಬಿಟ್ಟು ನೋಡಿದರು. ಅಷ್ಟರಲ್ಲಿ ಎದುರುಮನೆಯಲ್ಲಿ ಬ್ಯೂಟಿ ಪಾರ್ಲರು ನಡೆಸುವ ಅಕ್ಕ, ಕಿಟಕಿಯಲ್ಲಿ ಟಾರ್ಚಿನ ಬೆಳಕು ಕಂಡು, ಗಿರಾಕಿಯ ಮುಖಕ್ಕೆ ಬಳಿದ ಲೇಪ ಒಣಗುವವರೆಗೆ ಬಿಡುವಿದೆಯೆಂದು ಬಂದಳು. ವಿಷಯ ಕೇಳಿ ನಕ್ಕಳು.

"ಅಣ್ಣಾ, ಕಸ ಗುಡಿಸಿ ಬಾಗಿಲ ಹಿಂದೆ ಇಟ್ರೆ ಮನೆ ಚೊಕ್ಕಟ ಆಗುತ್ತಾ? ಅಳಿಸಿದ್ದೆಲ್ಲ ಆ ಬುಟ್ಟೀಲಿ ಬಿದ್ದಿದೆ. ಬುಟ್ಟಿ ಖಾಲಿ ಮಾಡಿ."

ಬುಟ್ಟಿ ಖಾಲಿಯಾದದ್ದೇ ತಡ, ಚಿತ್ರ ಮತ್ತೆ ಮೂಡತೊಡಗಿತು. ಮಂಜಿನಂಥ ಬೆಳಕು ಕೆಳಗಿಳಿಯಿತು. ಅದರೊಳಗೆ ಒಂದು ಉಂಗುರ, ಪಕ್ಕದಲ್ಲಿ ಇನ್ನೊಂದು. ಹೊಗೆಯಲ್ಲಿ ಬರೆದಂಥ, ಅಂಚು ಕರಗಿದ ಉಂಗುರಗಳು. ಮೂವರ ಮಾತೂ ನಿಂತಿತು. ಸ್ವಲ್ಪ ದೂರ ಇಳಿದು ಚಿತ್ರವೂ ನಿಂತಿತು. ಮತ್ತೆ ಹಳದಿ ತ್ರಿಕೋನ.

ಅಲ್ಲಿಂದ ಮೂವರಿಗೂ ಹಸಿವಾದವರ ಆತುರ. ಒಂದಿಷ್ಟು ಅಳಿಸಿದರೆ ಆಕಾಶ ಒಂದು ಗೇಣು ಕೆಳಗಿಳಿಯುತ್ತಿತ್ತು. ಉಗ್ರಾಣಿ ತಾನು ಹಾಡಿ ರೆಕಾರ್ಡು ಮಾಡಿಕೊಂಡಿದ್ದ ಹಾಡುಗಳ ಮುಂದೆ ಬಂದು ತಡೆದ. ಅವನ್ನು ಅಳಿಸುವ ವಿಚಾರದಲ್ಲಿ ನೆರೆಯವರಿಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಡುಗಳು ಹೋದವು, ಆಕಾಶ ಇಳಿಯಿತು. ಆಮೇಲೆ ಓವರ್ಸಿಯರಿಗೆ ಎಲ್ಲಕ್ಕಿಂತ ದಪ್ಪನೆಯ ಒಂದು ಫೈಲು ಕಣ್ಣಿಗೆ ಬಿತ್ತು. ಇಂಥ ಕುಂಭಕರ್ಣ ಮಲಗಿದ್ದರೆ ಜಾಗವೆಲ್ಲಿಂದ ಬರಬೇಕು ಎಂದು ಅದನ್ನೇ ಅಳಿಸಹೇಳಿದರು. ಯಂತ್ರ ಒಪ್ಪಲಿಲ್ಲ. ಇದು ಬಳಕೆಯಲ್ಲಿದೆ, ಅಳಿಸಲಾಗದು ಎಂದಿತು. ಹೆಸರು ಓದಿ ನೋಡಿದರೆ ಅದೇ ವರ್ಚುವಲ್ ಮೆಮೊರಿಯ ಫೈಲು.

"ಚೆನ್ನಾಗಿದೆ," ಅಂದಳು ಪಾರ್ಲರಿನ ಅಕ್ಕ. "ಕೂತ ಕೊಂಬೆನೇ ಕಡೀತಿದ್ದೀರಲ್ಲ."

ಓವರ್ಸಿಯರು ಸ್ವಲ್ಪ ಹೊತ್ತು ಪೇಪರು ಓದಿದರು.

ಉಳಿದ ದೊಡ್ಡ ಸರಕೆಂದರೆ ಉಗ್ರಾಣಿಯ ಮದುವೆಯ ವಿಡಿಯೊ. ಅದರಲ್ಲಿ ಅವನಿಗೆ ತಲೆತುಂಬ ಕೂದಲಿತ್ತು. ಪಾರ್ಲರಿನ ಅಕ್ಕ ಕಣ್ಣು ತಗ್ಗಿಸಿದಳು. ಓವರ್ಸಿಯರು, ಮದುವೆ ಎಂಬುದು ಮನಸ್ಸಿನಲ್ಲಿದ್ದರೆ ಸಾಕಲ್ಲವೇ ಎಂದು ಮೆಲ್ಲಗೆ ಕೆಮ್ಮಿದರು. ಚಿತ್ರ ನಟ್ಟನಡುವೆ ನಿಂತಿತ್ತು. ಅಲ್ಲಿ ಏನೋ ದೊಡ್ಡದೊಂದು ಸುತ್ತಲು ಶುರುವಾಗಿತ್ತು.

ಮದುವೆಯನ್ನು ಉಳಿಸಿಕೊಳ್ಳಲು ಅವನು ಕೊನೆಯ ಪ್ರಯತ್ನವೆಂಬಂತೆ ಡಿಸ್ಕಿನ ಮೂಲೆಮೂಲೆ ತಡಕಿದ. ಆಗ ಸಿಕ್ಕಿತು ಬರೀ ಅಂಕಿಗಳ ಹೆಸರಿನ ಒಂದು ಫೋಲ್ಡರು. ತೆರೆದರೆ ಫೋಟೋ, ಫೋಟೋ, ಫೋಟೋ, ಕೊನೆ ಮೊದಲಿಲ್ಲ. ಎಲ್ಲವೂ ಕಪ್ಪು. ಕಣ್ಣು ಕಿರಿದು ಮಾಡಿ ನೋಡಿದರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಉದ್ದಿನ ರಾಶಿಯಲ್ಲಿ ಅಕ್ಕಿ ಬಿದ್ದಂತೆ. ಒಂದೇ ಸರಕಿನ ಇಷ್ಟು ಪ್ರತಿ ಯಾವ ಗೋದಾಮಿನಲ್ಲೂ ಇಡುವುದಿಲ್ಲ. ಆದರೂ ಅವನಿಗೆ ಅಳುಕು. ಹೆಂಡತಿಯದೇ ಇರಬೇಕು, ಯಂತ್ರ ಇವನ್ನೇ ಕೂಡಿಸುತ್ತಿದ್ದರೆ?

ಓವರ್ಸಿಯರು ಪೇಪರು ಮಡಚಿಟ್ಟರು. "ಬಳಕೆಯಲ್ಲಿರೋದನ್ನ ಮುಟ್ಟೋಕೆ ಅದು ಬಿಡಲ್ಲ ಅಂತ ಈಗ ತಾನೇ ನೋಡಿದೆವಲ್ಲ. ಅಳಿಸಿ ನೋಡು. ಬೇಕಾಗಿದ್ರೆ ಅದೇ ಬೇಡ ಅನ್ನುತ್ತೆ."

ಈ ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ. ಉಗ್ರಾಣಿ ಅಳಿಸಿದ. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಬುಟ್ಟಿಯನ್ನೂ ಬರಿದು ಮಾಡಿದ. ಡಿಸ್ಕಿನಲ್ಲಿ ಕುದುರೆ ಓಡಿಸುವಷ್ಟು ಬಯಲಾಯಿತು. ವರ್ಚುವಲ್ ಮೆಮೊರಿ ಎಷ್ಟು ಜಾಗ ಬಳಸಬಹುದೆಂದು ಹೇಳುವ ಕಡೆ ಓವರ್ಸಿಯರು ಧಾರಾಳವಾಗಿ ಒಂದು ದೊಡ್ಡ ಅಂಕಿ ಬರೆಸಿ, ಸಂಪು ಅಗಲವಾಯಿತೆಂದು ಸಾರಿದರು.

ಚಿತ್ರ ಇನ್ನು ನಿಲ್ಲಲಿಲ್ಲ. ಹೊಗೆಯುಂಗುರಗಳ ನಡುವೆ ಒಂದು ಮಹಾ ಸುಳಿ ಬಿಚ್ಚಿಕೊಂಡಿತು. ಒಂದರೊಳಗೊಂದು, ಅದರೊಳಗಿನ್ನೊಂದು, ಎಳೆಎಳೆಯಾಗಿ ಬಾಗಿದ ಬೆಳಕಿನ ಸಾಲುಗಳು ನಡುವಿನ ಬಿಂದುವಿನತ್ತ ತಿರುತಿರುಗಿ ಹೋಗುತ್ತಿದ್ದವು. ಅಡ್ಡಲಾಗಿ ಒಂದು ಕಪ್ಪು ಹೊಳೆ ಹರಿದಿತ್ತು. ಪಾರ್ಲರಿನ ಅಕ್ಕ ತನ್ನ ಗಿರಾಕಿಯ ಮುಖವನ್ನು ಮರೆತೇಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ, ಇಷ್ಟು ದೊಡ್ಡದರ ಮುಂದೆ ನಮ್ಮ ಹುಬ್ಬು ತಿದ್ದಿಕೊಂಡರೇನು ಬಿಟ್ಟರೇನು ಎಂದು ಪಿಸುಗುಟ್ಟಿದಳು. ಓವರ್ಸಿಯರು ಎದ್ದು ನಿಂತರು, ಕೂತು ನೋಡುವಂಥದ್ದಲ್ಲವೆಂದು. ಆ ಹೊಳೆಗೆ ಇಂಜಿನಿಯರು ಯಾರು ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಉಗ್ರಾಣಿ ಪರದೆಯ ಹತ್ತಿರಕ್ಕೆ ಸರಿದ. ದಿನವೂ ನೆತ್ತಿಯ ಮೇಲೆ ಇದನ್ನು ಹೊತ್ತುಕೊಂಡು ತಾನು ಟೈಲ್ಸು ಎಣಿಸುತ್ತಿದ್ದನೇ? ಇದನ್ನು ಒಬ್ಬಳೇ ನೋಡುತ್ತಿದ್ದಳೇ ಅವಳು? ಇನ್ನು ಮೇಲೆ ಅವಳೊಂದಿಗೆ ತಾರಸಿಗೆ ಹೋಗಬೇಕು, ಸ್ವೆಟರು ಹಿಡಿದುಕೊಂಡು ಪಕ್ಕದಲ್ಲಿ ಕೂರಬೇಕು ಎಂದುಕೊಂಡ.

ಸಂಜೆ ಹೆಂಡತಿ ಬಂದಾಗ ಮೂವರೂ ಗರ್ಭಗುಡಿಯೆದುರು ನಿಂತಂತೆ ನಿಂತಿದ್ದರು. ಉಗ್ರಾಣಿ ದಾರಿಬಿಟ್ಟು, ಆಕೆಯನ್ನು ಪರದೆಯೆದುರು ಕೂರಿಸಿದ. ಆಕೆ ಚಿತ್ರದತ್ತ ಬಗ್ಗಿ ನೋಡಿ ತಲೆಯಾಡಿಸಿದಳು.

"ಪರವಾಗಿಲ್ಲ, ಮುಗೀತು. ಧೂಳಿನ ಚಿತ್ರ ಚೆನ್ನಾಗೇ ಬಂದಿದೆ."

ಯಾರಿಗೂ ಅರ್ಥವಾಗಲಿಲ್ಲ. ಆಕೆ ಬ್ಯಾಗು ಇಳಿಸುತ್ತ ವಿವರಿಸಿದಳು. ಕ್ಯಾಮೆರಾದ ಗಾಜಿನ ಮೇಲೆ ಕೂತ ಧೂಳು ಪ್ರತಿ ಫೋಟೋದಲ್ಲೂ ಬೀಳುತ್ತದೆ. ಅದಕ್ಕೆ ಮೊದಲು ಬರೀ ಧೂಳಿನದೇ ಒಂದು ಚಿತ್ರ ಮಾಡಿಕೊಂಡು, ಆಮೇಲೆ ಆಕಾಶದ ಫೋಟೋಗಳಿಂದ ಅದನ್ನು ಕಳೆಯಬೇಕು. ಬೆಳಗಿನಿಂದ ನಡೆದದ್ದು ಆ ಕೆಲಸ. ಆಕಾಶ ಇನ್ನು ಶುರುವಾಗಬೇಕು.

"ಆ ಉಂಗುರಗಳು?" ಪಾರ್ಲರಿನ ಅಕ್ಕ ಕೇಳಿದಳು.

"ಧೂಳಿನ ಕಣ."

"ಮತ್ತೆ ಆ ದೊಡ್ಡ ಸುಳಿ?" ಓವರ್ಸಿಯರ ಧ್ವನಿ ತಗ್ಗಿತ್ತು.

ಆಕೆ ಇನ್ನಷ್ಟು ಹತ್ತಿರ ಬಗ್ಗಿದಳು. ಆಮೇಲೆ ಗಂಡನ ಬಲಗೈ ಹಿಡಿದೆಳೆದು ಹೆಬ್ಬೆರಳನ್ನು ಪರದೆಯ ಪಕ್ಕಕ್ಕೆ ಹಿಡಿದಳು. ಸುತ್ತಿಗೆ ಸುತ್ತು, ಸುಳಿಗೆ ಸುಳಿ ತಾಳೆಯಾಯಿತು. ಹಿಂದೊಮ್ಮೆ ಟೈಲ್ಸಿನ ಅಂಚು ಕೊಯ್ದ ಗಾಯದ ಗೆರೆ ಅಡ್ಡಲಾಗಿ, ಹೊಳೆಯಂತೆ.

"ನಾನು ಅಮ್ಮನ ಮನೆಗೆ ಹೋದಾಗ ಕ್ಯಾಮೆರಾ ಬಿಚ್ಚಿದ್ರಾ?"

ಸ್ವಲ್ಪ ಒರೆಸೋಣ ಅಂತ, ಎಂದು ಅವನು ನೆಲಕ್ಕೆ ಹೇಳಿದ.

ಗಿರಾಕಿಯ ಲೇಪ ನೆನಪಾಗಿ ಪಾರ್ಲರಿನ ಅಕ್ಕ ಹೊರಟಳು. ಓವರ್ಸಿಯರು ಪೇಪರನ್ನು ಬಿಟ್ಟೇ ಮೇಲೆ ಹತ್ತಿದರು. ಹೆಂಡತಿ, ಹೋಗಲಿ, ಈಗಲಾದರೂ ಆಕಾಶಕ್ಕೆ ಕೈ ಹಚ್ಚೋಣ ಎಂದು ಅಂಕಿಗಳ ಹೆಸರಿನ ಫೋಲ್ಡರನ್ನು ಹುಡುಕಿದಳು. ಮತ್ತೆ ಹುಡುಕಿದಳು. ಆಮೇಲೆ ಕುರ್ಚಿಯನ್ನು ನಿಧಾನವಾಗಿ ಗಂಡನತ್ತ ತಿರುಗಿಸಿದಳು.

"ಎಲ್ಲಾ ಕಪ್ಪಗಿತ್ತು," ಅಂದ ಉಗ್ರಾಣಿ.

"ರಾತ್ರಿ ಆಕಾಶ ಬೇರೆ ಯಾವ ಬಣ್ಣಕ್ಕಿರುತ್ತೆ?"

ಅವನು, ಮದುವೆಯ ವಿಡಿಯೊ ಮಾತ್ರ ಜೋಪಾನವಾಗಿದೆ ಎಂದು ತಿಳಿಸಿದ. ಅದು ಆ ಹೊತ್ತಿನಲ್ಲಿ ಆಡಬಾರದ ಮಾತಾಗಿತ್ತು.

ಬೆಳಗಾದರೆ ಪ್ರದರ್ಶನ. ಬರಿಗೋಡೆಯ ಮುಂದೆ ಮಕ್ಕಳನ್ನು ನಿಲ್ಲಿಸುವಂತಿರಲಿಲ್ಲ. ಕೊನೆಗೆ, ಗಾಜಿನ ಮೇಲಿನ ಗುರುತು ಆಕಾಶವನ್ನು ಹೇಗೆ ಕೆಡಿಸುತ್ತದೆ ಎಂಬುದೇ ಪಾಠವಾಗಲಿ ಎಂದು ಗೊಣಗಿ, ಇದ್ದ ಚಿತ್ರವನ್ನೇ ಬ್ಯಾನರ್ ಅಂಗಡಿಗೆ ಕಳಿಸಿದಳು. ಉಗ್ರಾಣಿ ಚಹಾ ತಂದು ಮುಂದಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

ಸ್ವಲ್ಪ ಹೊತ್ತಿಗೆ ಅಂಗಡಿಯವನ ಫೋನು ಬಂತು. ಅವನ ಧ್ವನಿಯಲ್ಲಿ ಬೆರಗು ತುಂಬಿ ತುಳುಕುತ್ತಿತ್ತು. ಎಷ್ಟೋ ವರ್ಷದಿಂದ ಅಚ್ಚು ಹಾಕುತ್ತಿದ್ದೇನೆ, ಇಂಥದ್ದು ನೋಡಿಲ್ಲ ಮೇಡಂ, ಕೆಲಸದವರೆಲ್ಲ ಮಷೀನು ನಿಲ್ಲಿಸಿ ನೋಡುತ್ತಿದ್ದಾರೆ, ಅಂಗಡಿಗೊಂದು ಪ್ರತಿ ತೆಗೆದುಕೊಳ್ಳಲೇ ಎಂದು ಕೇಳಿದ. ಇದರ ಹೆಸರೇನು ಅಂದ.

"ಹೆಬ್ಬೆಟ್ಟು," ಅಂದಳು ಆಕೆ.

"ಹೆಸರೂ ಜೋರಾಗಿದೆ. ನಮ್ಮಿಂದ ತುಂಬಾ ದೂರಾನಾ ಮೇಡಂ?"

ಆಕೆ ಗಂಡನತ್ತ ಕಣ್ಣೆತ್ತಿದಳು.

"ದೂರ ಇದ್ದಿದ್ರೆ ಚೆನ್ನಾಗಿತ್ತು. ಪಕ್ಕದಲ್ಲೇ ನಿಂತಿದೆ."