ಹಗೇವಿಗಿಳಿದ ಸಿತಾರ

ನಮ್ಮ ಸೋದರಮಾವನ ಸಿತಾರ ಮೊಟ್ಟಮೊದಲು ಧ್ವನಿ ಹಿಡಿಯುವ ಯಂತ್ರದೊಳಗೆ ಇಳಿದ ಸಂಜೆ, ಉಟಗಿಯ ಆ ಪಡಸಾಲೆಯಲ್ಲಿ ಇದ್ದವರನ್ನು ಹೇಳಿಬಿಡುತ್ತೇನೆ. ಕಂಬಳಿಯ ಮೇಲೆ ಮಾವ, ಮಾವನ ತೊಡೆಯ ಮೇಲೆ ಸಿತಾರ, ಎದುರಿಗೆ ಯಂತ್ರ, ಯಂತ್ರದ ಹಿಂದೆ ನಾನು, ಕಂಬಕ್ಕೆ ಕಟ್ಟಿದ ಒಂದು ಕುರಿಮರಿ. ಗೋಡೆಯಾಚೆ ಅಡುಗೆಮನೆಯಲ್ಲಿ ಅತ್ತೆ. ಅತ್ತೆಯನ್ನು ಮಾವ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕುರಿಮರಿಯನ್ನು ಹಿಡಿದಿದ್ದ! ಅದು ನಡುವೆ ಒದರಬಾರದೆಂದು ಅದರ ಮುಂದೆ ಮೊದಲೇ ಹೊಟ್ಟು ಸುರಿಸಿ, ‘ಸುಮ್ಮ ತಿನ್ನು’ ಎಂದು ಬುದ್ಧಿಯನ್ನೂ ಹೇಳಿದ್ದ.

ಕುಂಬಳದ ಬೀಜ ಕೇಳಲು ಹೋಗಿ ಸಿತಾರ ತಂದ ರೈತ ನಮ್ಮ ಜತ್ತ ತಾಲೂಕಿನಲ್ಲಿ ಇವನೊಬ್ಬನೇ. ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ, ನನಗೆ ನೋಡುವ ಆಸೆಯಿದೆ.

ಆದದ್ದಿಷ್ಟು. ಮಾವ ಹಲ್ಲು ಕೀಳಿಸಿಕೊಳ್ಳಲು ಮಿರಜಿಗೆ ಹೋಗಿದ್ದ. ಕೀಳಿಸಿಕೊಂಡು, ಊದಿದ ಗಲ್ಲಕ್ಕೆ ಧೋತರದ ಚುಂಗು ಒತ್ತಿಕೊಂಡು ಬರುವಾಗ ಸಿತಾರ ಮಾಡುವವರ ಓಣಿ ಸಿಕ್ಕಿತು. ಅಲ್ಲಿ ಅಂಗಡಿಗಳ ಜಂತಿಗೆ ಒಣಗಿದ ಕುಂಬಳಬುರುಡೆಗಳನ್ನು ತೂಗುಹಾಕಿರುತ್ತಾರೆ. ಒಂದೊಂದೂ ಒಳಗೆ ಮಗುವನ್ನು ಕೂರಿಸಬಹುದಾದಷ್ಟು ದೊಡ್ಡದು. ಒಕ್ಕಲಿಗನ ಜೀವ ತಡೆದೀತೆ? ಇಂಥ ಕಾಯಿ ಬಿಡುವ ಬಳ್ಳಿ ನಮ್ಮ ಹಿತ್ತಲಲ್ಲೂ ಹಬ್ಬಿದರೆ ಎಂದುಕೊಂಡು ಮಾವ ಒಳಗೆ ಹೋಗಿ, ಅರ್ಧ ಮರಗಟ್ಟಿದ ಬಾಯಿಂದಲೇ ಬೀಜ ಕೇಳಿದ. ಬೀಜ ತೆಗೆದು ಎಷ್ಟೋ ಕಾಲವಾಯಿತು, ಒಳಗೆ ಈಗ ಏನಿದೆ ಕೇಳಿರಿ ಎಂದು ಅಂಗಡಿಯವನು ಪಕ್ಕದಲ್ಲಿದ್ದ ಸಿತಾರದ ಒಂದು ತಂತಿ ಮೀಟಿದ. ಅಷ್ಟೇ. ಆ ಒಂದು ಮೀಟಿಗೆ ಹಲ್ಲಿನ ನೋವು ನಿಂತುಹೋಯಿತು ಎಂದು ಮಾವ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅದು ದವಾಖಾನೆಯ ಔಷಧದ ಗುಣ ಎಂದು ಅತ್ತೆಯ ಅಭಿಪ್ರಾಯ.

ಚಕ್ಕಡಿಯಿಂದ ಸಿತಾರ ಇಳಿದಾಗ ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದಳಂತೆ.

“ಪಲ್ಯಾ ಮಾಡಾಕ ಬರೂದಿಲ್ಲ, ನೀರ ತುಂಬಿಡಾಕ ಬರೂದಿಲ್ಲ. ಮತ್ತ ಯಾಕ ತಂದೀರಿ ಇದನ್ನ?”

ಮಾವ ಅಂಗಳದಲ್ಲಿ ನಿಂತೇ ಉತ್ತರ ಕೊಟ್ಟ. “ಇಲ್ಲೀತನಕಾ ನಾ ಕಲ್ತದ್ದೆಲ್ಲಾ ಬೇಕಾದದ್ದ. ಬಿತ್ತೂದು, ಹರಗೂದು, ಕುರಿ ಉಣ್ಣೆ ಕತ್ತರಸೂದು. ಬ್ಯಾಡಾದದ್ದು ಒಂದರೆ ಕಲ್ತು ಸಾಯಬೇಕಲಾ.”

ಐವತ್ತು ದಾಟಿದ ಮನುಷ್ಯ ಇಂಥ ಮಾತಾಡಿದರೆ ಹೆಂಡತಿಯಾದವಳು ಏನು ಹೇಳಬೇಕು? ಅತ್ತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಮನೆಯಲ್ಲಿ ಮಾತು ಮುಗಿದದ್ದಕ್ಕೆ ಅದೇ ಗುರುತು.

ಸಿತಾರ ಮೀಟಲು ತೋರುಬೆರಳಿಗೆ ತಂತಿಯ ನಖಿ ಹಾಕಿಕೊಳ್ಳಬೇಕು. ಮಾವ ಅದನ್ನು ಹಾಕಿಕೊಂಡವನು ತೆಗೆಯಲೇ ಇಲ್ಲ. ಬೆರಳಿಗೆ ರೂಢಿಯಾಗಲಿ ಎಂದು ಅದರೊಂದಿಗೇ ಉಂಡ, ಅದರೊಂದಿಗೇ ವಿಭೂತಿ ಹಚ್ಚಿಕೊಂಡ, ಅದರೊಂದಿಗೇ ಎಮ್ಮೆ ಹಿಂಡಲು ಕುಳಿತ. ಎಮ್ಮೆಗೆ ಸಂಗೀತದ ಅಭಿರುಚಿ ಎಲ್ಲಿಂದ ಬರಬೇಕು! ಒಂದೇ ಒದೆತಕ್ಕೆ ಚರಿಗೆ ಒಂದು ಕಡೆ, ಮಾವ ಒಂದು ಕಡೆ. ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಅತ್ತೆ ಕೇಳಿದಳಂತೆ, ಇದು ಯಾವ ಸ್ವರಾರೀ ಎಂದು.

ಹಗಲೆಲ್ಲ ಹೊಲ. ಹೀಗಾಗಿ ಮಾವನ ಅಭ್ಯಾಸಕ್ಕೆ ಸಿಗುತ್ತಿದ್ದದ್ದು ದೀಪ ಹಚ್ಚುವ ಹೊತ್ತು ಮಾತ್ರ. ಅತ್ತೆಗೂ ಒಲೆ ಮುಂದೆ ಕೂರುವ ಹೊತ್ತು ಅದೇ. ಗೋಡೆಯ ಈಚೆ ‘ದಾ ರಾ, ದಾ ರಾ’, ಆಚೆ ರೊಟ್ಟಿಯ ‘ಥಪ್ ಥಪ್, ಥಪ್ ಥಪ್’. ಎರಡು ವರ್ಷ ಹೀಗೇ ನಡೆಯಿತು. ಪಕ್ಕದ ಮನೆಯ ಮುದುಕ ಕುರುಬ ಮೊದಮೊದಲು ಬಂದು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಿದ್ದ. ಆಮೇಲೆ ವಿಚಾರಿಸುವುದನ್ನು ಬಿಟ್ಟ. ಇದನ್ನು ಮಾವ ತನ್ನ ಪ್ರಗತಿ ಎಂದು ತಿಳಿದ.

ಕಲಿಸುವವರು ಮಿರಜಿನ ಒಬ್ಬ ವೃದ್ಧರು. ಹೊಸ ಸಿತಾರಗಳಿಗೆ ಶ್ರುತಿ ಹಿಡಿದುಕೊಡುವುದು ಅವರ ಕೆಲಸ. ಸಂತೆಗೆ ಹೋದಾಗಲೆಲ್ಲ ಮಾವ ಅವರ ಬಾಗಿಲಲ್ಲಿ ಕುಳಿತು, ಸರಿಗಮವನ್ನೂ ಗತ್ತು ಎನ್ನುವ ಒಂದು ಚಿಕ್ಕ ರಚನೆಯನ್ನೂ ಕಾಡಿ ಬೇಡಿ ಹೇಳಿಸಿಕೊಂಡಿದ್ದ. ಆದರೆ ಶಿಷ್ಯನೆಂದು ಅವರು ಒಪ್ಪಿರಲಿಲ್ಲ. ವಯಸ್ಸಾಗಿದೆ, ಇನ್ನು ಒಬ್ಬನಿಗೆ ಕಲಿಸುವಷ್ಟು ಮಾತ್ರ ಉಸಿರಿದೆ, ಆ ಒಬ್ಬ ಯಾರೆಂದು ನೋಡಿ ಆರಿಸಬೇಕು ಎನ್ನುತ್ತಿದ್ದರು. ಅವರೆದುರು ಕೂತರೆ ಮಾವ ಗತ್ತಿನ ಅರ್ಧಕ್ಕೇ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಹೀಗಿರುವಾಗ, ಸೊಲ್ಲಾಪುರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ವಿಷಯ ಅಲ್ಲಿ ಹೇಗೋ ಬಂತು. ಸೋದರಳಿಯನ ಅಂಗಡಿಯಲ್ಲಿ ಧ್ವನಿ ಹಿಡಿಯುವ ಯಂತ್ರವಿದೆ ಎಂದ ಮಾವ. ಹಾಗಾದರೆ ಮನೆಯಲ್ಲಿ ಒಬ್ಬರೇ ಕೂತು ನುಡಿಸಿದ್ದನ್ನು ಹಿಡಿದು ತನ್ನಿರಿ, ಮನುಷ್ಯ ನಿಜವಾಗಿ ನುಡಿಸುವುದು ತನ್ನ ಮನೆಯಲ್ಲೇ, ಕೇಳಿ ಹೂಂ ಅಥವಾ ಉಹೂಂ ಎನ್ನುತ್ತೇನೆ ಎಂದರು ಗುರುಗಳು.

ಅಲ್ಲಿಂದ ಮಾವ ನನ್ನನ್ನು ಬಿಡಲಿಲ್ಲ. ನಾನೂ ಇಲ್ಲವೆನ್ನುವ ಹಾಗಿರಲಿಲ್ಲ. ನಾನು ಕಲಿತದ್ದು ಮರಾಠಿ ಸಾಲೆ. ಕನ್ನಡದ ಒಂದೊಂದು ಮಾತನ್ನೂ ನನ್ನ ಬಾಯಿಗಿಟ್ಟವರು ರಜೆಗೆ ಹೋದಾಗಿನ ಈ ಮಾವ ಮತ್ತು ಅತ್ತೆ. ಮಾಲಕರ ಕೈಕಾಲು ಹಿಡಿದು ವಾರದ ಮಟ್ಟಿಗೆ ಯಂತ್ರ ಪಡೆದೆ. ಉಟಗಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಆದರೆ ಇದು ಗಡಿಯಾರದಂತೆ ಕೀಲಿ ಕೊಟ್ಟರೆ ತಿರುಗುವ, ಬ್ಯಾಟರಿಯ ಮೇಲೆ ಜೀವ ಹಿಡಿಯುವ ಟೇಪಿನ ಪೆಟ್ಟಿಗೆ. ಜತ್ತದವರೆಗೆ ಎಸ್.ಟಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಲ್ಲಿಂದ ಮುಂದೆ ಚಕ್ಕಡಿಯಲ್ಲಿ ಮಾವ ತನ್ನ ತೊಡೆಯ ಮೇಲಿಟ್ಟುಕೊಂಡ, ನನ್ನನ್ನು ಹಿಂದೆ ಹುಲ್ಲಿನಲ್ಲಿ ಕೂರಿಸಿ.

ಈಗ ಆ ಪಡಸಾಲೆಗೆ ಬರೋಣ. ಕೀಲಿ ಕೊಟ್ಟೆ, ಸುರುಳಿ ತಿರುಗಿತು, ಕೈ ಸನ್ನೆ ಮಾಡಿದೆ. ಮಾವ ಕಣ್ಣು ಮುಚ್ಚಿ ಗತ್ತು ಎತ್ತಿಕೊಂಡ. ಚಲೋ ನಡೆದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಮುದುಕನ ನೆರಳು. ಮಾವ ಕಣ್ಣು ತೆರೆದು, ಕೈ ನಿಲ್ಲಿಸದೆ, “ಬರ್ರಿ, ಕುಂದ್ರಿ, ಚಾ ಕುಡ್ಯೂನು” ಎಂದ. ನಾನು ತುಟಿಗೆ ಬೆರಳಿಟ್ಟು ತೋರಿಸಿದೆ. ಮಾವ ಒಪ್ಪಿ ತಲೆಯಾಡಿಸಿ, “ಸಕ್ಕರಿ ಜಾಸ್ತಿ ಹಾಕಂತ ಹೇಳ್ಲೇನ್ರಿ?” ಎಂದ. ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕೂರುವುದು ನಮ್ಮ ಕಡೆ ಯಾರಿಗೆ ಬರುತ್ತದೆ? ಗಂಟಲಿಗೆ ಬೀಗ ಹಾಕಬಹುದು, ಪದ್ಧತಿಗೆ ಹಾಕಲಾದೀತೆ?

ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿಸಿದೆ. ತನ್ನ ದನಿಯನ್ನು ಹೊರಗಿನಿಂದ ಮಾವ ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಮುಖ ಗಂಟಿಕ್ಕಿ ಕೇಳಿ, “ಇಂವ ಯಾರೋ, ಭಾಳ ಮಾತಾಡ್ತಾನ” ಎಂದ. ನೀನೇ ಎಂದೆ. ನಂಬಲಿಲ್ಲ. ಆಮೇಲೆ ಅವನ ಕಿವಿ ಬೇರೊಂದಕ್ಕೆ ತಿರುಗಿತು. ಸಿತಾರದ ಹಿಂದೆ ಒಂದೇ ಸಮನೆ ಥಪ್ ಥಪ್, ಥಪ್ ಥಪ್. ನಡುನಡುವೆ ರೊಟ್ಟಿಯನ್ನು ಹಂಚಿಗೆ ಹಾಕುವಾಗಿನ ಚೂರು ಮೌನ, ಮತ್ತೆ ಥಪ್ ಥಪ್.

ಮಾವ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ಗುರುಗಳು ಕೇಳುವಂಥದ್ದರಲ್ಲಿ ಇದೇನು ಬಡಿದಾಟ, ಸ್ವಲ್ಪ ನಿಲ್ಲಿಸಬಾರದೆ ಎಂದು ರೇಗಿದ. ಅತ್ತೆ ತಲೆ ಎತ್ತಲಿಲ್ಲ.

“ಗುರುಗಳು ಕೇಳೂದು ಆಮ್ಯಾಲಿನ ಮಾತು. ನೀವೆಲ್ಲಾ ಉಣ್ಣೂದು ಈಗ.”

ಆ ರಾತ್ರಿಯ ರೊಟ್ಟಿಯನ್ನು ಮಾವ ಉಂಡ, ಆದರೆ ಅವಮಾನವಾದವನಂತೆ ಉಂಡ.

ಮರುದಿನ ಬೆಳಿಗ್ಗೆ ಮಾವನಿಗೆ ಉಪಾಯ ಹೊಳೆದಿತ್ತು. ಅಂಗಳದಲ್ಲಿ ಅವರದೊಂದು ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಆಗಷ್ಟೇ ಖಾಲಿ ಮಾಡಿ ಗಾಳಿಗೆ ತೆರೆದಿಟ್ಟಿದ್ದರು. “ಜ್ವಾಳಾ ವರ್ಷಗಟ್ಲೆ ಕೆಡದಂಗ ಇರ್ತೈತಿ. ಸ್ವರಾ ಒಂದ ತಾಸ ಇರೂದಿಲ್ಲೇನು?” ಎಂದು ಮಾವನ ವಾದ. ಪದ್ಧತಿಯಂತೆ ಮೊದಲು ಕಂದೀಲು ಇಳಿಬಿಟ್ಟು ನೋಡಿದೆವು. ದೀಪ ಆರಲಿಲ್ಲ, ಒಳಗಿನ ಗಾಳಿ ಒಳ್ಳೆಯದಿದೆ. ಆಮೇಲೆ ಏಣಿಯ ಮೇಲೆ ಮಾವ ಇಳಿದ, ಹಗ್ಗದಲ್ಲಿ ಕೌದಿ ಸುತ್ತಿಕೊಂಡು ಸಿತಾರ ಇಳಿಯಿತು, ತಂತಿ ಹಿಡಿದು ಮೈಕು ಇಳಿಯಿತು. ಮೇಲೆ ಯಂತ್ರದೊಂದಿಗೆ ನಾನು. ನಿನ್ನೆಯದರ ಮುಂದಿನ ಖಾಲಿ ಜಾಗದಲ್ಲಿ ಹಿಡಿಯತೊಡಗಿದೆ.

ಸ್ವಲ್ಪದರಲ್ಲಿ ಪಕ್ಕದ ಮನೆಯ ಮುದುಕ ಕುರಿ ಹೊಡೆದುಕೊಂಡು ಬಂದ. ನೆಲದೊಳಗಿಂದ ‘ದಾ ರಾ’ ಏಳುತ್ತಿರುವುದನ್ನು ಕಂಡು ಟೊಂಕಕ್ಕೆ ಕೈಯಿಟ್ಟು ನಿಂತ. ನಾನು ಸನ್ನೆ ಮಾಡಿದೆ. ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ: “ತಮ್ಮಾ, ಜ್ವಾಳಾ ಹಾಡಾಕ ಹತ್ತ್ಯಾವೇನು?”

ನಗು ತಡೆದುಕೊಂಡೆ. ಆದರೆ ಹಗೇವಿನಲ್ಲಿ ನಡೆಯುತ್ತಿದ್ದದ್ದು ನಗುವಂಥದ್ದಲ್ಲ. ಕುರಿಮರಿ ಇಲ್ಲ, ಬಾಗಿಲು ಇಲ್ಲ, ಅತಿಥಿ ಇಲ್ಲ, ರೊಟ್ಟಿ ಇಲ್ಲ, ಆದರೂ ಮಾವನ ಕೈ ಎಡವುತ್ತಿತ್ತು. ಎರಡು ಸ್ವರ ಓಡಿಬರುವವು, ಮೂರನೆಯದು ದಾರಿಯಲ್ಲೇ ಕೂತುಬಿಡುವುದು. ಅರ್ಧಕ್ಕೇ ನಿಲ್ಲಿಸಿ ಮೇಲೆ ಬಂದ ಮಾವನ ಮುಖ ನೋಡಲಾಗಲಿಲ್ಲ. “ಒಳಗ ಕೈಯ ನಡೀವಲ್ದೋ” ಎಂದ. ಗಾಳಿಯದೋ, ತಂಪಿನದೋ, ಯಾವುದರ ದೋಷವೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅತ್ತೆ ನೀರಿನ ತಂಬಿಗೆ ತಂದುಕೊಟ್ಟಳು. ಅಂದು ಅವಳೂ ಚೇಷ್ಟೆ ಮಾಡಲಿಲ್ಲ.

ಯಂತ್ರ ಮರಳಿಸುವ ದಿನ ಬಂತು. ಮೊದಲು ಮಿರಜಿಗೆ ಹೋಗಿ, ಅಲ್ಲಿಂದ ನಾನು ಸೊಲ್ಲಾಪುರಕ್ಕೆ ಹೋಗುವುದೆಂದು ಇಬ್ಬರೂ ಹೊರಟೆವು. ಗುರುಗಳೆದುರು ಮಾವ ಹಗೇವಿನದನ್ನೇ ಹಾಕಿಸಿದ. ಎಡವಿದರೇನಾಯಿತು, ಅದರಲ್ಲಿ ಸಿತಾರವೊಂದೇ ಇದೆ, ಶುದ್ಧವಾದದ್ದು ಎಂದು. ಗುರುಗಳು ಹುಣಸೆಕಾಯಿ ಕಚ್ಚಿದವರಂತೆ ಕೂತು ಕೇಳಿದರು. ಕೊನೆಗೆ ಕೈಯೆತ್ತಿ, “ಸಾಕ್ರಿ” ಎಂದರು. ಮೆಲ್ಲಗೇ ಎಂದರು. ಮಾವ ತೋರುಬೆರಳಿನ ನಖಿಯನ್ನು ತೆಗೆದು ಕಿಸೆಗೆ ಹಾಕಿಕೊಂಡ. ಎರಡು ವರ್ಷದಲ್ಲಿ ಅವನು ಅದನ್ನು ತೆಗೆದದ್ದನ್ನು ನಾನು ಅಂದೇ ನೋಡಿದೆ.

ನಾನು ಟೇಪು ಸುತ್ತುತ್ತಿದ್ದೆ. ಅದರಲ್ಲಿ ಮತ್ತೇನೂ ಇಲ್ಲವೇ ಎಂದು ಗುರುಗಳು ಕೇಳಿದರು. ಇದೆ, ಆದರೆ ಕೆಟ್ಟದ್ದು, ಮನೆಯ ಗದ್ದಲವೆಲ್ಲ ಸೇರಿದೆ ಎಂದ ಮಾವ. ಕೆಟ್ಟದ್ದನ್ನೂ ಕೇಳೋಣ, ಇಷ್ಟು ದೂರ ಹೊತ್ತು ತಂದಿದ್ದೀರಿ ಎಂದರು ಅವರು.

ಪಡಸಾಲೆಯ ಸಂಜೆ ಮತ್ತೆ ತಿರುಗಿತು. ದಾ ರಾ, ದಾ ರಾ. ‘ಬರ್ರಿ, ಕುಂದ್ರಿ.’ ಗುರುಗಳ ಮೀಸೆ ಸ್ವಲ್ಪ ಅಲುಗಿತು. ಚಹಾ, ಸಕ್ಕರೆ ಎಲ್ಲ ದಾಟಿತು. ನೋಡುತ್ತೇನೆ, ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿದೆ! ಮಾತಾಡಿದರೂ ಮಾವನ ಕೈ ತಪ್ಪಿರಲಿಲ್ಲ. ಒಂದು ಸ್ವರವೂ ಓಡಿರಲಿಲ್ಲ, ಒಂದೂ ಕೂತಿರಲಿಲ್ಲ.

“ಹಿಂದ ತಬಲಾದಂಗ ಠೇಕಾ ಕೊಟ್ಟವರು ಯಾರು?” ಎಂದರು ಗುರುಗಳು.

“ಠೇಕಾ ಅಲ್ರೀ ಅದು. ರೊಟ್ಟಿ. ನಮ್ಮ ಮನಿಯವ್ರು ರೊಟ್ಟಿ ಬಡ್ಯಾಕ ಹತ್ತಿದ್ರು.”

ಗುರುಗಳು ತಾಳದ ಬೆರಳನ್ನು ನಿಲ್ಲಿಸಿ ಹೇಳಿದರು. “ನಿಮ್ಮ ಕೈಗೆ ಲಯಾ ಕಲಿಸಿದವರು ಮನಿಯಾಗ ಅದಾರ. ನನಗ ಉಳದದ್ದು ಸ್ವರಾ ಅಷ್ಟ. ಅವರನ್ನ ಕರಕೊಂಡು ಬರ್ರಿ, ಕಲಸ್ತೀನಿ.”

ನಾನು ಸೊಲ್ಲಾಪುರಕ್ಕೆ ಹೋಗಬೇಕಾದವನು ಹೋಗಲಿಲ್ಲ. ಅಂಗಡಿಗೆ ಒಂದು ದಿನ ತಡವಾದರೂ ಸರಿ, ಇದನ್ನು ಅತ್ತೆಗೆ ಮಾವ ಹೇಗೆ ಹೇಳುತ್ತಾನೆಂದು ನೋಡದೆ ಇರಲು ಸಾಧ್ಯವೆ? ದಾರಿಯುದ್ದಕ್ಕೂ ಮಾವ ಎಸ್.ಟಿ.ಯ ಕಂಡಕ್ಟರನನ್ನೂ ಮಾತಾಡಿಸಲಿಲ್ಲ, ಅಷ್ಟೆಂದರೆ ತಿಳಿಯಿರಿ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಒಲೆಯ ಮುಂದಿದ್ದಳು. ಮಾವ ಪಡಸಾಲೆಯಲ್ಲಿ ಕೂರದೆ ನೇರ ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

“ಗುರುಗಳು ನಿನ್ನ ಕರದಾರ.”

“ಯಾಕ? ಅವರ ಮನ್ಯಾಗ ರೊಟ್ಟಿ ಮಾಡಾವ್ರು ಇಲ್ಲೇನು?”

ಮಾವ ನಡೆದದ್ದನ್ನೆಲ್ಲ ಹೇಳಿದ, ತನ್ನ ಎಡವಿಕೆಯನ್ನೂ ಬಿಡದೆ. ಅತ್ತೆ ಹಿಟ್ಟಿನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಆಮೇಲೆ ರೊಟ್ಟಿ ಬಡಿಯತೊಡಗಿದಳು. ಮಾತು ಮುಗಿದಿತ್ತು.

ಎತ್ತು ಹೂಡದ ಅಮಾವಾಸ್ಯೆಯ ದಿನಗಳಲ್ಲಿ ಇಬ್ಬರೂ ಮಿರಜಿಗೆ ಹೋಗತೊಡಗಿದರು. ಬರಿಗೈಯಿಂದ ತಾಳ ಹಾಕಿ ಎಂದರೆ ಅತ್ತೆಗೆ ಬರಲಿಲ್ಲ. ಹಿಟ್ಟಿಲ್ಲದೆ ಕೈ ಹೇಗೆ ಬಡಿಯಲಿ ಎಂದಳು. ಹೀಗಾಗಿ ಸಿತಾರದ ಜೊತೆ ಜೋಳದ ಹಿಟ್ಟಿನ ಗಂಟೂ ಪ್ರಯಾಣ ಮಾಡಿತು. ಪಾಠ ಮುಗಿಯುವ ಹೊತ್ತಿಗೆ ಗುರುಗಳ ಮನೆಯಲ್ಲಿ ಬಿಸಿ ರೊಟ್ಟಿ ಸಿದ್ಧ. ಸಿತಾರ ಕಲಿಸಿ ಹೊಟ್ಟೆ ತುಂಬಿದ ಗುರುಗಳನ್ನು ನಾನು ಬೇರೆ ಕಂಡಿಲ್ಲ.

ಆಮೇಲೊಮ್ಮೆ ನಾನು ಉಟಗಿಗೆ ಹೋದಾಗ, ಅತ್ತೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಅವರ ಮಗಳನ್ನು ಕರಜಗಿಗೆ ಮದುವೆ ಮಾಡಿ ಕೊಟ್ಟಿತ್ತು. ಅವಳು ಬರಲು ಇನ್ನೂ ಸಮಯವಿತ್ತು. ಬಿದಿರುಸೀಳು ಕಟ್ಟಿದ ಕೈ ಹೊತ್ತು ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಸಿತಾರ ಗವಸಿನೊಳಗಿತ್ತು. ಒಲೆಯ ಮುಂದೆ ಮಾವ ಕೂತಿದ್ದ. ಅವನ ರೊಟ್ಟಿ ಥೇಟ್ ನಮ್ಮ ಕನ್ನಡ-ಮರಾಠಿ ಗಡಿಯಂತಿತ್ತು: ಎಲ್ಲಿ ಶುರು, ಎಲ್ಲಿ ಮುಗಿವು, ಯಾರಿಗೂ ಒಪ್ಪಿಗೆಯಿಲ್ಲ. ಎರಡು ರೊಟ್ಟಿ ಹರಿದು ಬೂದಿಗೆ ಬಿದ್ದವು.

ಅತ್ತೆ ಎಡಗೈಯನ್ನು ಹೊರಸಿನ ಕಟ್ಟಿಗೆಯ ಮೇಲಿಟ್ಟು ಮೆಲ್ಲಗೆ ಬಡಿಯತೊಡಗಿದಳು. ಥಪ್ ಥಪ್, ಥಪ್ ಥಪ್.

“ಲಗುಬಗಿ ಮಾಡಬ್ಯಾಡ್ರಿ. ನನ್ನ ಕೈ ಕೇಳ್ರಿ.”

ಮಾವ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಅದರೊಂದಿಗೆ ಕೈ ಹೂಡಿದ. ಮೂರನೆಯ ರೊಟ್ಟಿ ದುಂಡಗೆ ಬಂತು. ಅದನ್ನು ಅತ್ತೆಯ ತಾಟಿಗೆ ಹಾಕಿದ.